ಹಂಪು ದಾಟದ ಸ್ಪೋರ್ಟ್ಸ್ ಕಾರು

ಟಿಕೋಟಾದಲ್ಲಿ ಬಸ್ ತಪ್ಪಿದ ಮುದುಕಿಯೊಬ್ಬಳು ನನ್ನ ಕಾರಿಗೆ ಕೈ ಮಾಡಿದಳು. ನನಗಿಂತ ಹಿರಿಯಳು. ಬಬಲೇಶ್ವರದಲ್ಲಿ ಮರಿಮಗನ ತೊಟ್ಟಿಲ ಕಾರ್ಯ. ಕೂಸಿನ ಸೊಂಟಕ್ಕೆ ಕಟ್ಟುವ ಬೆಳ್ಳಿ ಉಡದಾರ ಆಕೆಯ ಗಂಟಿನಲ್ಲಿತ್ತು.

ಕಾರಿನ ಸುತ್ತ ಒಮ್ಮೆ ತಿರುಗಿದಳು.

"ಹಿಂದಿನ ಸೀಟ ಎಲ್ಲೈತೋ ಯಪ್ಪಾ?"

"ಇಲ್ಲ ಯವ್ವಾ. ಎರಡ ಸೀಟ."

"ಇಷ್ಟುದ್ದ ಗಾಡ್ಯಾಗ?"

ಹತ್ತಿದಳು.

ದಿನದ ಓಡಾಟಕ್ಕೆಂದು ಕೊಂಡ ಹಳೆಯ ಸ್ಪೋರ್ಟ್ಸ್ ಕಾರು ಅದು. ತಳದ ರಿಪೇರಿ ಮಾಡಿಸಿ ಸಾಕಾಗಿತ್ತು. ಇಬ್ಬರು ಕುಳಿತರೆ ರಸ್ತೆಯ ಹಂಪುಗಳಿಗೆ ತಳ ಉಜ್ಜುತ್ತದೆ. ಹಾಗಾಗಿ ಮೊದಲ ಹಂಪಿನಲ್ಲಿ ಆಕೆಯನ್ನು ಇಳಿಸಿ, ಕಾರು ದಾಟಿಸಿ, ಮತ್ತೆ ಹತ್ತಿಸಿಕೊಂಡೆ. ಎರಡನೆಯದಕ್ಕೂ ಅದೇ.

ಮೂರನೆಯದರಲ್ಲಿ ಇಳಿದವಳು ಕೇಳಿದಳು: "ನಾ ಗಾಡ್ಯಾಗ ಹೊಂಟೇನೋ, ನಡಕೋತ ಹೊಂಟೇನೋ?"

ನಾನು ಕಾರನ್ನು ಹಂಪು ದಾಟಿಸತೊಡಗಿದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಟಂಟಂ ಆಟೋಗೆ ಕೈ ಮಾಡಿ ಹತ್ತಿಬಿಟ್ಟಳು.

ಹಂಪು ದಾಟಿದ ಮೇಲೆ ನೋಡಿದರೆ ಗಂಟು ನನ್ನ ಕಾರಿನಲ್ಲೇ ಇತ್ತು. ಬೆನ್ನಟ್ಟಿದೆ. ಪ್ರತಿ ಹಂಪಿನಲ್ಲೂ ಕಾರನ್ನು ಓರೆಯಾಗಿಸಿ ಒಂದೊಂದೇ ಗಾಲಿ ದಾಟಿಸುವಷ್ಟರಲ್ಲಿ ಟಂಟಂ ಕಣ್ಮರೆಯಾಯಿತು.

ಬಬಲೇಶ್ವರದಲ್ಲಿ ಕೇಳುತ್ತ ಕೇಳುತ್ತ ಆ ಮನೆ ಮುಟ್ಟಿದೆ. ಉಡದಾರಕ್ಕಾಗಿ ಎಲ್ಲರೂ ತೊಟ್ಟಿಲ ಸುತ್ತ ಕಾಯುತ್ತಿದ್ದರು.

"ನೀ ನಡಕೋತ ಬಂದೇನೋ ಯಪ್ಪಾ?" ಎಂದಳು ಮುದುಕಿ.

ಗಂಟು ಕೊಟ್ಟೆ. ಆಮೇಲೆ ಕೂಸಿಗೆ ಹೆಸರಿಟ್ಟರು.