ಅಕ್ಕ ಬರೆದ ಬರ್ಕ

ನಾನು ಚಿಕ್ಕವನಿದ್ದಾಗ ಬಹಳ ಜಾಣನಾಗಿದ್ದೆ ಎಂದು ನಿಮ್ಮ ಅಜ್ಜಿ ಹೇಳಿದರೆ ನಂಬಬೇಡಿ ಮಕ್ಕಳೇ. ಅವಳು ಆಗ ನನ್ನನ್ನು ಕಂಡೇ ಇರಲಿಲ್ಲ. ನಾನು ಶುದ್ಧ ಪೆದ್ದ, ಅದರ ಮೇಲೆ ಬಡಾಯಿಕೋರ. ನಮ್ಮ ಮೇಷ್ಟ್ರು ನನಗಿಂತ ಒಂದು ಕೈ ಮೇಲು, ಪುಕ್ಕಲು ಪ್ರಾಣಿ. ನಾವಿಬ್ಬರೂ ಸೇರಿ ಒಂದೇ ದಿನದಲ್ಲಿ ನನ್ನ ಅಕ್ಕನಿಗೆ ಏನು ಮಾಡಿಟ್ಟೆವು ಎಂದು ಹೇಳುತ್ತೇನೆ, ಕೇಳಿ.

ಹೊಸನಗರದ ಕಡೆ ನಮ್ಮೂರು. ಅಣೆಕಟ್ಟಿನ ನೀರು ಬಂದು ಕೆಳಗಿನ ಊರುಗಳೆಲ್ಲ ಮುಳುಗಿದ ಮರುವರ್ಷ ಅದು. ಜನ ಗಾಡಿ ಕಟ್ಟಿಕೊಂಡು ಹೋದರು. ಕಾಡಿನ ಪ್ರಾಣಿಗಳಿಗೆ ಗಾಡಿ ಎಲ್ಲಿಂದ ಬರಬೇಕು? ನೀರಿಗೆ ಹೆದರಿ ಅವು ನಮ್ಮ ಗುಡ್ಡ ಹತ್ತಿದವು. ಹಂದಿ, ಕಡವೆ, ಕಾಡುಕುರಿ, ಮುಳ್ಳುಹಂದಿ, ಮೊಲದಷ್ಟೇ ಎತ್ತರದ ಬರ್ಕ ಎಂಬ ಪುಟಾಣಿ ಜಿಂಕೆ, ಎಲ್ಲವೂ ಬಂದವು. ಮನೆ ಕಳೆದುಕೊಂಡು ಬಂದ ಆ ನೆಂಟರನ್ನು ನಮ್ಮೂರಿನ ದೊಡ್ಡ ಮನುಷ್ಯರು ಹೇಗೆ ಸತ್ಕರಿಸಿದರು ಗೊತ್ತೇ? ಹೊಡೆದು ತಿಂದರು. ಗುಡ್ಡದಲ್ಲಿ ನಾಯಿ ಬೊಗಳುವುದು, ಢಂ ಎಂದು ಸದ್ದಾಗುವುದು, ಆಮೇಲೆ ಮನೆ ಮನೆಯಲ್ಲೂ ಕಾಳುಮೆಣಸು ಹುರಿದ ಘಾಟು. ನನಗಂತೂ ಆ ಘಾಟು ಬಂದರೆ ಹಬ್ಬ.

ಶಾಲೆ ಎಂದರೆ ಒಂದೇ ಕೋಣೆ. ಸಗಣಿ ಸಾರಿಸಿದ ನೆಲದ ಮೇಲೆ ನಾಲ್ಕು ತರಗತಿಯವರೂ ಕೂರುತ್ತಿದ್ದೆವು. ನಾನು ಮೂರನೆಯದರಲ್ಲಿದ್ದೆ, ಅಕ್ಕ ನಾಲ್ಕನೆಯದರಲ್ಲಿ. ಮುಂದೆ ಓದಬೇಕಾದರೆ ಕಾಡುದಾರಿಯಲ್ಲಿ ನಾಲ್ಕು ಮೈಲಿ ನಡೆಯಬೇಕಿತ್ತು. ಹೆಣ್ಣುಮಗಳನ್ನು ಅಷ್ಟು ದೂರ ಕಳಿಸಲು ಅಪ್ಪನಿಗೆ ಮನಸ್ಸಿರಲಿಲ್ಲ. ಅಕ್ಕ ಅತ್ತು ಕರೆದು ಹಟ ಹಿಡಿದ ಮೇಲೆ, "ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರಲ, ಅವ್ರು ಓದ್ಸಿ ಅಂದ್ರೆ ಓದ್ಸಣ" ಎಂದಿದ್ದರು. ಅಂದಿನಿಂದ ಅಕ್ಕ ಸಾಹೇಬರ ದಾರಿ ಕಾಯತೊಡಗಿದಳು.

ಸಾಹೇಬರು ಬರುವ ದಿನ ಗೊತ್ತಾಗುತ್ತಲೇ ಮೇಷ್ಟ್ರಿಗೆ ಕೈಕಾಲು ಆಡಲಿಲ್ಲ. ನಮ್ಮ ಕಾಡಿನ ಒಂದೊಂದು ಪ್ರಾಣಿಯ ಬಗ್ಗೆ ಒಬ್ಬೊಬ್ಬರು ಒಂದು ಹಾಳೆ ಬರೆದು ತರಬೇಕೆಂದು ಹೇಳಿದರು. "ಕಣ್ಣಾರೆ ಕಂಡಿದ್ದನ್ನೇ ಬರೀಬೇಕು. ಪುಸ್ತಕ ನೋಡಿ ಬರೆದ್ರೆ ಚರ್ಮ ಸುಲೀತೀನಿ" ಎಂದರು. ನೀವು ಈಗ ಪ್ರಾಜೆಕ್ಟ್ ಎನ್ನುತ್ತೀರಲ್ಲ, ಅದೇ. ಆದರೆ ಬಯಲುಸೀಮೆಯಿಂದ ಬಂದಿದ್ದ ಆ ಮಹಾನುಭಾವರಿಗೆ ಒಂದು ವಿಷಯ ಹೊಳೆಯಲಿಲ್ಲ. ನಮ್ಮೂರಿನ ಮಕ್ಕಳು ಕಾಡುಪ್ರಾಣಿಯನ್ನು ಹತ್ತಿರದಿಂದ ಕಾಣುತ್ತಿದ್ದದ್ದು ಅದನ್ನು ಕೊಯ್ದು ಪಾಲು ಹಾಕುವಾಗ ಮಾತ್ರ.

ಅಕ್ಕ ಆರಿಸಿಕೊಂಡದ್ದು ಬರ್ಕವನ್ನು. ಸ್ವಲ್ಪ ದಿನದ ಹಿಂದೆ ಅವಳು ಅಪ್ಪನ ಜೊತೆ ಸೊಪ್ಪು ತರಲು ಗುಡ್ಡಕ್ಕೆ ಹೋಗಿದ್ದಳು. ಅವತ್ತು ಮನೆಯಲ್ಲಿ ಬರ್ಕದ ಸಾರು. ಅಕ್ಕ ಮುಟ್ಟಲಿಲ್ಲ, ಅವಳ ಪಾಲನ್ನೂ ನಾನೇ ತಿಂದೆ. ಅವಳು ಹಾಳೆ ಬರೆಯುವಾಗ, "ಬರ್ಕ ಹೆದ್ರಿದ್ರೆ ಎಂತ ಮಾಡ್ತದೆ ಗೊತ್ತನಾ ನಿಂಗೆ?" ಎಂದು ಕೇಳಿದಳು. "ಅದೆಲ್ಲ ಯಾರಿಗೆ ಬೇಕೇ, ಹುರಿದ್ರೆ ಹೆಂಗಿರ್ತದೆ ಅಂತ ಬರಿ" ಎಂದು ನಾನು ಹಲ್ಲು ಕಿರಿದೆ. ಅವಳು ನನಗೆ ಬೆನ್ನು ತಿರುಗಿಸಿ ಬರೆಯತೊಡಗಿದಳು. ಸಾಹೇಬರು ಬರುವ ಹಿಂದಿನ ದಿನ ಮೇಷ್ಟ್ರು ಅವಳ ಹಾಳೆ ಓದಿ, "ಭೇಷ್! ನಾಳೆ ಸಾಹೇಬ್ರ ಮುಂದೆ ನೀನೇ ಓದ್ಬೇಕು" ಎಂದರು. ನನ್ನದನ್ನು ನೋಡಲಿಲ್ಲ. ಅವರಿಗೆ ಬೀಡಿ ಸೇದುವ ಹೊತ್ತಾಗಿತ್ತು.

ಮರುದಿನ ಶಾಲೆಗೆ ಮಾವಿನ ತೋರಣ ಕಟ್ಟಿದ್ದೆವು. ಸಾಹೇಬರು ಸೈಕಲ್ಲಿನಲ್ಲಿ ಬಂದರು. ಬೆವರಿ ಒದ್ದೆಯಾದ ಕೋಟು, ಮೂಗಿಗೆ ಕರವಸ್ತ್ರ. ಕುರ್ಚಿಯಲ್ಲಿ ಕೂತವರೇ ಮುಂದಿನ ಸಾಲಿನಲ್ಲಿದ್ದ ನನಗೆ ಓದಲು ಹೇಳಿದರು. ನಾನು ಎದೆಯುಬ್ಬಿಸಿ ಗಟ್ಟಿಯಾಗಿ ಓದಿದೆ. "ಕಾಡುಹಂದಿ ನಮ್ಮ ಕಾಡಿನ ಪ್ರಾಣಿ. ಅದರ ಕೊಬ್ಬು ಮೂರು ಬೆರಳು ದಪ್ಪ. ನಮ್ಮ ಅಪ್ಪಯ್ಯ ಅದನ್ನು ಕೋವಿಯಲ್ಲಿ ಹೊಡೆಯುತ್ತಾರೆ. ಹೊಡೆದವರಿಗೆ ತಲೆ. ಕಾಡು ಸೋವಿ ಹಂದಿ ಎಬ್ಬಿಸಿದವರಿಗೆ ಒಂದೊಂದು ಪಾಲು. ನಾಯಿಗೆ ಒಂದು ಪಾಲು. ನಮ್ಮ ಮೇಷ್ಟ್ರಿಗೆ ಒಂದು ಪಾಲು."

ಕಂಡಿದ್ದನ್ನೇ ಬರೆದಿದ್ದೆನಲ್ಲ! ಮೇಷ್ಟ್ರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೋವಿಗೆ ಲೈಸೆನ್ಸ್ ಇದೆಯೇನೋ?" ಎಂದರು ಸಾಹೇಬರು.

"ಅದೆಲ್ಲ ಬ್ಯಾಡ ಸಾ, ಮದ್ದು ತುಂಬಿದ್ರೆ ಸಾಕು" ಎಂದೆ ನಾನು. ಎಲ್ಲಿಟ್ಟಿದ್ದಾರೆ ಎಂದು ಕೇಳಿದ್ದಕ್ಕೆ, ಹುಲ್ಲಿನ ಗೊಣಬೆಯೊಳಗೆ ಎಂದು ಅದನ್ನೂ ಹೇಳಿದೆ. ಇನ್ನೇನು, ಪೊಲೀಸರು ಬಂದು ಅಪ್ಪನನ್ನು ಎಳೆದುಕೊಂಡು ಹೋಗಲು ನನ್ನ ಬಾಯೊಂದೇ ಸಾಕಾಗಿತ್ತು.

ಆಗ ಅಕ್ಕ ಎದ್ದು ನಿಂತಳು. "ಸುಳ್ಳು ಸಾ. ನಮ್ಮನೇಲಿ ಕೋವಿ ಇಲ್ಲ. ಇಂವ ಬಾಯಿಗೆ ಬಂದಿದ್ದು ಬರೀತಾನೆ."

"ಓಹೋ, ನೀನೇನು ಬರೆದಿದೀಯ? ತಾ ಇಲ್ಲಿ."

ಅವಳ ಹಾಳೆಯಲ್ಲೂ ಅಪ್ಪನ ಕೋವಿ ಇತ್ತು. ಅದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಅಕ್ಕ ಹಾಳೆಯನ್ನು ಬೆನ್ನ ಹಿಂದೆ ಮುದುಡಿ ಲಂಗದ ನೆರಿಗೆಯೊಳಗೆ ಸಿಕ್ಕಿಸಿಕೊಂಡು, "ಬರ್ದಿಲ್ಲ ಸಾ" ಎಂದಳು.

ಅವಳು ಬರೆದಿದ್ದಾಳೆಂದು ಮೇಷ್ಟ್ರಿಗೆ ಗೊತ್ತಿತ್ತು. ಹಿಂದಿನ ದಿನ ಭೇಷ್ ಎನ್ನುವಾಗ ಲೈಸೆನ್ಸಿನ ವಿಚಾರ ಅವರಿಗೂ ಹೊಳೆದಿರಲಿಲ್ಲ, ಈಗ ಏಕೆ ಬಚ್ಚಿಟ್ಟಳೆಂದೂ ಗೊತ್ತಿತ್ತು. ಸುಮ್ಮನಿರಬಹುದಿತ್ತಲ್ಲವೇ? ಇಲ್ಲ, ಮಾತು ತನ್ನ ಪಾಲಿನ ಮಾಂಸದ ಕಡೆ ತಿರುಗಬಾರದೆಂದು ಆ ಮನುಷ್ಯ ಬೆತ್ತ ತೆಗೆದುಕೊಂಡ. "ಸೋಮಾರಿ, ಸಾಹೇಬ್ರು ಬರೋ ದಿನವೂ ಬರೆದಿಲ್ವಾ?" ಎನ್ನುತ್ತ ಬೆತ್ತದ ತುದಿ ಸೀಳುವವರೆಗೆ ಅವಳ ಅಂಗೈಗೆ ಹೊಡೆದ. ಹೌದು, ಹೊಡೆದ ಎಂದೇ ಹೇಳುತ್ತೇನೆ. ಅವನಿಗೆ ಬಹುವಚನ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಅಕ್ಕ ಅಳಲಿಲ್ಲ, ಇನ್ನೊಂದು ಕೈಯಿಂದ ಲಂಗದ ನೆರಿಗೆ ಒತ್ತಿ ಹಿಡಿದುಕೊಂಡಿದ್ದಳು.

ಮಧ್ಯಾಹ್ನ ಸಾಹೇಬರ ಊಟ ನಮ್ಮ ಮನೆಯಲ್ಲೇ. ಅಪ್ಪ ಹಂದಿಮಾಂಸ ಬಡಿಸಿ ಕುರಿಯದು ಎಂದರು. ಸಾಹೇಬರು ಬೆರಳು ನೆಕ್ಕುತ್ತ, "ಗೌಡ್ರೇ, ನಿಮ್ಮ ಕುರಿ ಕಾಡಿನ ಗೆಡ್ಡೆ ತಿಂದು ಚೆನ್ನಾಗಿ ಕೊಬ್ಬಿದೆ" ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ಮೇಷ್ಟ್ರು ನಕ್ಕ. ಕೋವಿಯ ಸುದ್ದಿಯನ್ನು ಸಾಹೇಬರು ಎತ್ತಲೇ ಇಲ್ಲ. ಒಂದು ಪೊಟ್ಟಣ ಕಟ್ಟಿಸಿಕೊಂಡು ಸೈಕಲ್ಲಿಗೆ ಬಿಗಿದರು. ಥೂ, ಅಕ್ಕ ಪೆಟ್ಟು ತಿಂದದ್ದು ಇಂಥವರಿಗೆ ಹೆದರಿ.

ಕೈ ತೊಳೆಯಲು ನೀರು ಕೊಡುತ್ತ ಅಪ್ಪ, "ಮಗಳು ಮುಂದೆ ಓದ್ತೀನಿ ಅಂತದೆ ಸ್ವಾಮಿ, ಎಂತ ಮಾಡಣ?" ಎಂದು ಕೇಳಿದರು. "ಅದಾ? ಒಂದಕ್ಷರ ಬರೆದಿಲ್ಲ. ಮನೆಗೆಲಸ ಕಲಿಸಿ" ಎಂದು ಸಾಹೇಬರು ತೇಗಿದರು. ಮೇಷ್ಟ್ರು ಬಾಯಿ ಬಿಡಲಿಲ್ಲ. ಅವಳು ಬರೆದದ್ದು ನನಗೂ ಗೊತ್ತಿತ್ತು, ನಾನೂ ಬಾಯಿ ಬಿಡಲಿಲ್ಲ. ಬಾಯಿ ಮುಚ್ಚಬೇಕಾದಾಗ ತೆರೆದಿದ್ದೆ, ತೆರೆಯಬೇಕಾದಾಗ ಎಲುಬು ಚೀಪುತ್ತ ಕೂತಿದ್ದೆ. ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅಕ್ಕ ಬಚ್ಚಲಿಗೆ ಹೋಗಿ ಆ ಹಾಳೆಯನ್ನು ಹಂಡೆಯ ಒಲೆಗೆ ಹಾಕಿದಳು. ಅವಳ ಓದು ಅಲ್ಲಿಗೆ ಮುಗಿಯಿತು.

ಮೊನ್ನೆ ನಮ್ಮ ಪುಟ್ಟಿ ಶಾಲೆಯ ಪ್ರಾಜೆಕ್ಟಿಗೆಂದು ಮಿರಿಮಿರಿ ಚಾರ್ಟು ತಂದು ತೋರಿಸಿದಳು. ಎಂಥ ಬಣ್ಣ! ಕಡವೆಯ ಪಕ್ಕ ಮುಳ್ಳುಹಂದಿ, ಅದರ ಪಕ್ಕ ಬರ್ಕ, ಎಲ್ಲ ಕತ್ತರಿಸಿ ಅಂಟಿಸಿದ್ದು. ಬರ್ಕದ ಕೆಳಗೆ "ನಾಚಿಕೆ ಸ್ವಭಾವದ ಪ್ರಾಣಿ" ಎಂದು ಬರೆದಿತ್ತು. ಒಂದು ಪ್ರಾಣಿಯ ಕಾಲಧೂಳೂ ಕಾಣದೆ ಇದೆಂಥ ಪ್ರಾಜೆಕ್ಟೇ ಎಂದು ಹಂಗಿಸಲು ಹೊರಟಿದ್ದೆ. ಅಷ್ಟರಲ್ಲಿ ಅವಳು, "ಅಜ್ಜ, ಬರ್ಕ ಹೆಂಗೆ ಕೂಗುತ್ತೆ?" ಎಂದಳು. ನನಗೆ ಗೊತ್ತಿರಲಿಲ್ಲ. ತೀರ್ಥಹಳ್ಳಿಯಲ್ಲಿರುವ ಅಕ್ಕನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಪುಟ್ಟಿಯ ಕೈಗೆ ಕೊಟ್ಟೆ.

"ಅದು ಕೂಗಲ್ಲ ಮಗಾ" ಎಂದಳು ಅಕ್ಕ. "ನಾನು ಕಂಡಿದ್ದು ಒಂದೇ ಸಲ. ಅಪ್ಪಯ್ಯ ಕೋವಿ ಎತ್ತಿದ್ರು. ಅದು ಓಡ್ಲಿಲ್ಲ. ನಿಂತಲ್ಲೇ ಕಾಲು ಬಡೀತು. ಕೇಳು, ಹಿಂಗೆ." ಫೋನಿನ ಮೇಲೆ ಉಗುರಿನಿಂದ ಬಡಿದಳು. ಟಕಟಕಟಕ, ಟಕಟಕಟಕ. ಆಮೇಲೆ ಬಡಿಯುವುದನ್ನು ನಿಲ್ಲಿಸಿಬಿಟ್ಟಳು. "ಅಷ್ಟೇ. ಇದನ್ನೇ ಬರ್ದಿದ್ದೆ ಮಗಾ ನಾನು."

ಪುಟ್ಟಿ ಒಂದೂ ಮಾತು ಬಿಡದೆ ಚಾರ್ಟಿನಲ್ಲಿ ಬರೆದುಕೊಂಡಳು. ನಿಮ್ಮ ಹತ್ತಿರ ಚಿತ್ರಗಳಿವೆ ಮಕ್ಕಳೇ, ಪ್ರಾಣಿಗಳಿಲ್ಲ. ನಮ್ಮ ಹತ್ತಿರ ಚಿತ್ರಗಳಿರಲಿಲ್ಲ, ಪ್ರಾಣಿಗಳು ಮನೆ ಬಾಗಿಲಿಗೇ ಬಂದಿದ್ದವು. ಬರೆದು ಮುಗಿಸಿ ಅವಳು ತಲೆಯೆತ್ತಿದಳು.

"ಅಜ್ಜ, ನೀನೂ ಬರ್ಕ ನೋಡಿದೀಯಾ?"

"ನೋಡಿದ್ದೆ" ಎಂದೆ. "ಊಟದ ಎಲೆ ಮೇಲೆ."