ಮುಖಪುಟದಲ್ಲಿ ಹಳೇ ಯುಗಾದಿ

"ಸಾರ್, ನೀವು ಮೀಟಿಂಗ್ ಅಂದ ಜಾಗದಾಗೆ ಹಿಟ್ಟಿನ ಗಿರಣಿ ಐತಲ್ರಿ!"

ಭಾನುವಾರ ಬೆಳಿಗ್ಗೆ ಹತ್ತೂವರೆ. ನನ್ನ ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದರಲ್ಲಿ ಫೋನು. ಯಾವ ಮೀಟಿಂಗು? ಯಾವ ಗಿರಣಿ? (ರಾಂಗ್ ನಂಬರ್ ಇರಲಪ್ಪ ಅಂತ ದೇವರಿಗೂ ಒಂದು ಅರ್ಜಿ ಹಾಕಿದೆ.)

"ನಿಮ್ಮ ವೆಬ್‌ಸೈಟ್‌ನಾಗೆ ಬರ್ದೀರಲ್ರಿ, ಪ್ರತಿ ತಿಂಗಳ ಎರಡನೇ ಭಾನುವಾರ ಹರಿಹರದಾಗೆ ಸಭೆ, ಎಲ್ರೂ ಬರ್ರಿ ಅಂತ. ನಾನು ಬಂದೀನಿ, ಅಲ್ಲಿದ್ದ ನಂಬರ್‌ಗೇ ಫೋನ್ ಹಚ್ಚೀನಿ. ನೀವೆಲ್ಲಿ ಅದೀರಿ?"

ನಾನು ದಾವಣಗೆರೆಯಲ್ಲಿದ್ದೆ. ಬನಿಯನ್ನಿನಲ್ಲಿ.

ದಾವಣಗೆರೆ ಪಕ್ಕದ ಕರೂರಿನ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ನನ್ನ ಹೊಟ್ಟೆಪಾಡು. ಸಂಜೆಯ ಹುಚ್ಚು ಬೇರೆ: ಕನ್ನಡ ಟೈಪ್ ಮಾಡುವ ಒಂದು ಸಾಫ್ಟ್‌ವೇರ್. ಓಪನ್ ಸೋರ್ಸ್. ಅಂದರೆ ಅದರ ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ಬೇರೆ ಬೇರೆ ಊರಿನ ಇಪ್ಪತ್ತು ಮಂದಿ ಸೇರಿ ಕಟ್ಟಿದ್ದೇವೆ. ಹರಿಹರದ ಸಭೆ ನಿಂತು ಮೂರು ವರ್ಷ. ನಿಂತಿದೆ ಅಂತ ವೆಬ್‌ಸೈಟಿನಲ್ಲಿ ಯಾರೂ ಬರೆದಿರಲಿಲ್ಲ, ಅಷ್ಟೇ.

ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬೈಕ್ ಹತ್ತಿದೆ.

ಗಿರಣಿಯೊಳಗೆ ಒಬ್ಬ ಹೆಣ್ಣುಮಗಳು ಸ್ಟೂಲಿನ ಮೇಲೆ ಕೂತಿದ್ದರು. ಐವತ್ತರ ಆಸುಪಾಸು. ಮಡಿಲಲ್ಲಿ ನೋಟ್‌ಬುಕ್ಕು, ಕೈಯಲ್ಲಿ ಗಿರಣಿಯವರು ತರಿಸಿಕೊಟ್ಟ ಚಹಾ, ರೆಪ್ಪೆಯ ಮೇಲೆ ಜೋಳದ ಹಿಟ್ಟು. ಹೆಸರು ಶಾರದಮ್ಮ. ಮಲೆಬೆನ್ನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತಾರೆ. ಆರು ವರ್ಷದಿಂದ ನಮ್ಮ ಸಾಫ್ಟ್‌ವೇರಿನಲ್ಲೇ ಟೈಪಿಂಗ್. (ನಾವು ಮಾಡಿದ್ದನ್ನು ದಿನಾ ಬಳಸುವವರನ್ನು ಮುಖಾಮುಖಿ ನಾನು ನೋಡಿದ್ದು ಅದೇ ಮೊದಲು!)

"ತಪ್ಪಾಯ್ತು ಅಕ್ಕಾ" ಅಂದೆ.

"ತಪ್ಪಿನ ಮಾತು ಬ್ಯಾಡ್ರಿ. ಕೂಡ್ರಿ ಮೊದ್ಲು. ಹೊಸ ಕಂಪ್ಯೂಟರ್ ತಗಂಡೆ. ನಿಮ್ ಸೈಟಿಂದನೇ ಮತ್ತೆ ಇಳಿಸ್ಕಂಡೆ. ಅವತ್ತಿಂದ 'ಅರ್ಜಿ' ಅಂತ ಹೊಡೆದ್ರೆ ಅಕ್ಷರ ಒಡೀತಾವೆ. ನನ್ನ ಅಂಗಡಿಗೆ ಬರೋರೆಲ್ಲ ಅರ್ಜಿಗೇ ಬರೋರು. ಅದೊಂದು ಪದ ಬರ್ಲಿಲ್ಲ ಅಂದ್ರೆ ನಾನು ಅಂಗಡಿ ಯಾಕ ತೆಗೀಬೇಕು ಹೇಳ್ರಿ?"

ನನಗೆ ನಗು ಬಂತು. ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ಹೊಸ ಕಂಪ್ಯೂಟರುಗಳಲ್ಲಿ ಬರುವ ಆ ದೋಷವನ್ನು ನಾವು ಎರಡು ವರ್ಷದ ಹಿಂದೆಯೇ ಸರಿಪಡಿಸಿದ್ದೆವು. ಪರಸ್ಪರ ಬೆನ್ನು ತಟ್ಟಿಕೊಂಡಿದ್ದೆವು. ಹೊಸ ಆವೃತ್ತಿಯನ್ನು ಸೈಟಿಗೆ ಹಾಕುವುದೊಂದನ್ನು ಬಿಟ್ಟು!

ಅಲ್ಲೇ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಹೊಸ ಆವೃತ್ತಿ ತೆರೆದು ಅವರ ಮುಂದಿಟ್ಟೆ. ಶಾರದಮ್ಮ 'ಅರ್ಜಿ' ಎಂದು ಟೈಪ್ ಮಾಡಿದರು. ಬಂತು. ಇನ್ನೊಮ್ಮೆ ಮಾಡಿದರು. ಮತ್ತೊಮ್ಮೆ. ಪರದೆಯ ತುಂಬ ಅರ್ಜಿ, ಅರ್ಜಿ, ಅರ್ಜಿ. ಗಿರಣಿಯವರು ಬೆಲ್ಟ್ ನಿಲ್ಲಿಸಿ ಬಂದು ನೋಡಿ, "ಇಷ್ಟು ಅರ್ಜಿ ಯಾರಿಗ್ರೀ ಕೊಡೋದು?" ಅಂದರು. ಮೂವರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ನೋಟ್‌ಬುಕ್ ತೆರೆಯಿತು. ನಮ್ಮ ವೆಬ್‌ಸೈಟಿನ ಒಂದೊಂದು ತಪ್ಪೂ ದುಂಡಗಿನ ಅಕ್ಷರದಲ್ಲಿ. ಒತ್ತಿದರೆ ಎಲ್ಲಿಗೂ ಹೋಗದ ಲಿಂಕುಗಳು. ಉತ್ತರವಿಲ್ಲದ ಪ್ರಶ್ನೆಗಳು. "ಮತ್ತೆ ಮುಖಪುಟದಾಗೆ 'ಹೊಸ ಸುದ್ದಿ' ಅಂತ ಐತಲ್ರಿ, ಅದು ನಾಲ್ಕು ವರ್ಷದ ಹಿಂದಿನ ಯುಗಾದಿ ಶುಭಾಶಯ. ಬೇವು ಒಣಗಿ ಹೋಗೈತೆ, ತೆಗೀರಿ."

ತೆಗೆಯಲು ಪಾಸ್‌ವರ್ಡ್ ಬೇಕಲ್ಲ? ನಮ್ಮ ತಂಡದ ಹುಬ್ಬಳ್ಳಿಯ ಗೆಳೆಯ ಮಂಜುನಾಥನಿಗೆ ಫೋನ್ ಮಾಡಿದೆ. "ನಿನ್ನ ಹತ್ರ ಐತೆ ಅಂದ್ಕೊಂಡಿದ್ನಲ್ಲೋ!" ಅಂದ. ಅರ್ಧ ಗಂಟೆ ಹುಡುಕಿ, ಯಾರೂ ತೆರೆಯದ ಹಳೆಯ ಈಮೇಲ್ ಪೆಟ್ಟಿಗೆಯಲ್ಲಿ ಪತ್ತೆ ಮಾಡಿದ. ಜೊತೆಗೆ ಇನ್ನೊಂದೂ ಸಿಕ್ಕಿತು: ಎಚ್ಚರಿಕೆಯ ಪತ್ರಗಳ ರಾಶಿ. ಸೈಟಿನ ವಿಳಾಸವನ್ನು ರಿನ್ಯೂ ಮಾಡಿಸಲು ಉಳಿದಿದ್ದು ಬರೀ ಒಂಬತ್ತು ದಿನ! ಅದು ಕಳೆದಿದ್ದರೆ ವಿಳಾಸ ಬೇರೆಯವರ ಪಾಲು. ಶಾರದಮ್ಮ ಅಂದು ಬಸ್ ಹತ್ತದಿದ್ದರೆ?

ಗಿರಣಿಯಲ್ಲೇ ಕೂತು ರಿನ್ಯೂ ಮಾಡಿದೆ. ಹೊಸ ಆವೃತ್ತಿ ಹಾಕಿದೆ. ಯುಗಾದಿಯನ್ನು ಶಾರದಮ್ಮನ ಕೈಯಿಂದಲೇ ತೆಗೆಸಿದೆ. "ಇದಿಷ್ಟೇ ಕೆಲ್ಸ ಏನ್ರಿ? ಇದನ್ನ ನಾನೇ ಮಾಡ್ತೀನಿ ಬಿಡ್ರಿ. ಕೋಡು ನೀವು ಬರೀರಿ" ಅಂದರು.

ಅಂದಿನಿಂದ ಪ್ರತಿ ಸೋಮವಾರ, ಅಂಗಡಿ ಮುಂದೆ ಕಸ ಹೊಡೆದು ನೀರು ಹಾಕಿದ ಮೇಲೆ, ಸೈಟಿನ ಒಂದೊಂದೇ ಲಿಂಕ್ ಒತ್ತಿ ನೋಡುವುದು ಅವರ ಕೆಲಸ. ಯಾವುದಾದರೂ ಕೆಟ್ಟಿದ್ದರೆ ಒಂಬತ್ತು ಗಂಟೆಯೊಳಗೆ ನನಗೆ ಫೋನ್. (ಬಾಸಿನ ಫೋನಿಗೂ ನಾನು ಅಷ್ಟು ಹೆದರುವುದಿಲ್ಲ.) ಈ ತಿಂಗಳ ಸಭೆ ಅವರ ಅಂಗಡಿಯಲ್ಲೇ ಆಯಿತು. ಹನ್ನೊಂದು ಜನ ಬಂದಿದ್ದರು. ಉಕ್ಕಡಗಾತ್ರಿಯಿಂದ ಬಂದ ಟೀಚರ್ ಒಬ್ಬರು, "ಸೈಟ್ ನೋಡಿ ಬಂದೆ" ಅಂದಾಗ ಶಾರದಮ್ಮನ ಮುಖ ನೋಡಬೇಕಿತ್ತು ನೀವು.

ಇರಲಿ. ನಿಮ್ಮ ಸಂಘದ್ದೋ ಶಾಲೆಯದ್ದೋ ಒಂದು ವೆಬ್‌ಸೈಟ್ ಇರಬೇಕಲ್ಲ, ಅದನ್ನು ನೀವು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?