‘ನಮ್ಮೋರು’ ಅಂದದ್ದಕ್ಕೆ

ಫ್ಯಾನಕ್ಕನಿಗೆ ಕಂಪನಿ ಒಂದು ತಿಂಗಳ ಸಂಬಳ ಇನ್ನೂ ಕೊಡಬೇಕು. ತಡೆಹಿಡಿದಿರುವುದು ಒಂದು ಮಾತಿಗೆ.

ಫೋನಿನಲ್ಲಿ ಕರೆದರೆ ಮನೆಗೆ ಬಂದು ಫ್ಯಾನು, ಗೀಸರು ರಿಪೇರಿ ಮಾಡುವ ಕಂಪನಿ ಅದು. ಅಕ್ಕನದು ಕಾಯಂ ಕೆಲಸ: ತಿಂಗಳ ಸಂಬಳ, ರಜೆ, ಗಂಡನಿಗೂ ಸೇರಿ ಆಸ್ಪತ್ರೆ ವಿಮೆ. ಗಿರಾಕಿ ಹೆಚ್ಚಾದಾಗ ಮೊಬೈಲಿನಲ್ಲಿ ಕರೆಸಿಕೊಳ್ಳುವ ಬಿಡಿಗೆಲಸದವರಿಗೆ ಇದ್ಯಾವುದೂ ಇಲ್ಲ. ಅಂಗಿ ಮಾತ್ರ ಎಲ್ಲರಿಗೂ ಒಂದೇ ಹಸಿರು. ಗಿರಾಕಿಗೆ ಗೊತ್ತಾಗಬಾರದಲ್ಲ!

ಅಕ್ಕನ ಜೋಡಿ ಒಬ್ಬ ಬಿಡಿಗೆಲಸದ ಉದ್ದನೆಯ ಆಸಾಮಿ, ಅಡ್ಡಹೆಸರು ಕೊಕ್ಕರೆ. ಅಕ್ಕನಿಗೆ ಮೊಣಕಾಲು ನೋವು. ಅವಳು ಏಣಿ ಹಿಡಿಯುವುದು, ಅವನು ಹತ್ತುವುದು.

“ಗಟ್ಟಿಯಾಗಿ ಹಿಡ್ಕೊಳಕ್ಕ, ನಂಗೆ ವಿಮೆ ಇಲ್ಲ.”

“ಬಿದ್ರೆ ನನ್ ಮೇಲೇ ಬೀಳೋ, ನಂಗಿದೆ.”

ಒಂದು ದಿನ ಬಿದ್ದೇಬಿಟ್ಟ. ಯಾರದೋ ಅಡುಗೆಮನೆ, ಒರೆಸಿದ ನೆಲ ಆರಿರಲಿಲ್ಲ, ಏಣಿ ಜಾರಿತು, ಸೊಂಟ ಮುರಿಯಿತು. ಎದುರಿಗೆ ‘ಏನೋ’ ಎಂದರೂ ಆಫೀಸಿನವರ ಮುಂದೆ ಅವನಿಗೆ ಬಹುವಚನವನ್ನೇ ಕೊಡುವುದು ಅಕ್ಕನ ಹಟ. ಫೋನಿನಲ್ಲಿ ಕಿರುಚಿದಳು: “ನಮ್ಮೋರು ಬಿದ್ದಿದಾರೆ! ಆಸ್ಪತ್ರೆಗೆ ಹೇಳಿ!”

ಹೆಂಗಸು ‘ನಮ್ಮೋರು’ ಎಂದರೆ ಇನ್ಯಾರು? ಆಫೀಸು ತಾನೇ ಅವಳ ಗಂಡನ ಹೆಸರು ಬರೆದು ವಿಮೆಯವರಿಗೆ ಕಳಿಸಿತು. ಮಾರನೆಯ ದಿನ ಮ್ಯಾನೇಜರು ಕ್ಷೇಮ ವಿಚಾರಿಸಲು ವಿಮೆ ಕಾಗದದಲ್ಲಿದ್ದ ಅವಳ ಗಂಡನ ನಂಬರಿಗೆ ಫೋನ್ ಮಾಡಿದ. ಗಂಡನೇ ಎತ್ತಿದ.

“ಸೊಂಟ ಹೇಗಿದೆ ಸಾರ್?”

“ಚೆನ್ನಾಗೇ ಇದೆಯಲ್ಲಪ್ಪ, ಪಾತ್ರೆ ತೊಳೀತಿದೀನಿ.”

ಅಷ್ಟರಲ್ಲಿ ಆಪರೇಷನ್ ಮುಗಿದಿತ್ತು. ವಿಮೆಯವರು ಕೈ ಎತ್ತಿದರು, ಬಿಲ್ಲು ಕಂಪನಿಯ ಕೊರಳಿಗೆ ಬಿತ್ತು. ಮ್ಯಾನೇಜರು ಅಕ್ಕನನ್ನು ಕರೆದ. “ಅವನು ನಮ್ಮ ನೌಕರನೇ ಅಲ್ಲ. ಸುಳ್ಳು ಹೇಳಿದೆ ಅಂತ ಬರೆದುಕೊಡು, ಸಂಬಳ ಬಿಡ್ತೀನಿ.”

“ಆರು ವರ್ಷದಿಂದ ಒಂದೇ ಏಣಿ ಸ್ವಾಮಿ. ನಮ್ಮೋರಲ್ದೆ ಪಕ್ಕದ್ಮನೆಯೋರಾ? ಬರೆಯಲ್ಲ.”

ಇವತ್ತಿಗೂ ಬರೆದಿಲ್ಲ. ಮನೆ ಕೈಸಾಲದಲ್ಲಿ ನಡೆಯುತ್ತಿದೆ. ಗಂಡ ಕಾಲೆಳೆಯುತ್ತಾನೆ: “ಇನ್ನೂ ಎಷ್ಟು ಜನ ಇದಾರೆ ಮಾರಾಯ್ತಿ, ನಿಮ್ಮೋರು?”

“ಹಸಿರಂಗಿ ಹಾಕಿದೋರೆಲ್ಲ. ನೀನೊಬ್ಬ ಬಿಟ್ಟಿ.”

ಆ ಬಿಟ್ಟಿಯವನೇ ಗೊಣಗುತ್ತ ಕೊಕ್ಕರೆಗೆ ದಿನವೂ ಬುತ್ತಿ ಒಯ್ಯುತ್ತಾನೆ.

ನಾಳೆ ನಿಮ್ಮ ಮನೆಗೂ ಹಸಿರಂಗಿ ಬರುತ್ತದೆ. ಒಂದು ಲೋಟ ನೀರು ಕೊಟ್ಟು ಪುಣ್ಯ ಕಟ್ಟಿಕೊಂಡೆವೆಂದು ಬೀಗಬೇಡಿ. ಕಂಪನಿಗೆ ಫೋನ್ ಮಾಡಿ ಅಕ್ಕನ ಸಂಬಳ ಕೇಳಿ. ಆಮೇಲೆ ಇದನ್ನೂ ಕೇಳಿ: ಇವರು ಬಿದ್ದರೆ ಯಾರವರು? ‘ನಮ್ಮವರು’ ಎಂದು ಅತ್ತಲಿಂದ ಬಾಯಿಬಿಡುವ ತನಕ ಫೋನ್ ಇಡಬೇಡಿ. ಅಲ್ಲಿಯವರೆಗೆ ಏಣಿ ನೀವು ಹಿಡಿಯಿರಿ.